ಕಾಪುವಿನ ಐಸ್ ಪ್ಲಾಂಟ್ ಕುಸಿದ ದಿನ

ಕಳೆದ ಮಳೆಗಾಲ ಮುಗಿಯುತ್ತಿದ್ದ ಒಂದು ಭಾನುವಾರ ನನ್ನ ತಮ್ಮ ಹರೀಶ ಬಂಗುಡೆ ಮೀನು ಹಿಡಿದುಕೊಂಡು ಮಣಿಪಾಲದ ನಮ್ಮ ಮನೆಗೆ ಬಂದಿದ್ದ. ನಾನು ಉಪಗ್ರಹದ ರೇಡಾರ್ ಚಿತ್ರಗಳಿಂದ ಕರಾವಳಿಯ ನೆಲ ಕುಸಿಯುವುದನ್ನು ಅಳೆಯುವ ತಂಡದಲ್ಲಿದ್ದೆ. ಅವನಿಗೆ ಕಾಪುವಿನ ಹೊಳೆಯ ದಂಡೆಯಲ್ಲಿ, ಮಣ್ಣು ತುಂಬಿಸಿ ಎತ್ತರಿಸಿದ ಜಾಗದಲ್ಲಿ, ಮೀನಿಗೆ ಐಸ್ ಮಾಡುವ ಪ್ಲಾಂಟ್ ಇತ್ತು.

“ಬಂಗುಡೆ ಎಲ್ಲಿ ಉಂಟು ಅಂತ ನಿನ್ನ ಉಪಗ್ರಹಕ್ಕೆ ಕಾಣುವುದಿಲ್ವಾ ಅಕ್ಕ? ಮತ್ತೆ ಎಂತಕ್ಕೆ ಅದು?” ಎನ್ನುತ್ತಾ ಇನ್ನೊಮ್ಮೆ ಅನ್ನ ಹಾಕಿಸಿಕೊಂಡ.

ರೇಡಾರ್ ಅಲೆ ಛಾವಣಿ, ಕಾಂಕ್ರೀಟಿಗೆ ಬಡಿದು ಹಿಂತಿರುಗುತ್ತದೆ. ಎರಡು ಚಿತ್ರಗಳನ್ನು ಹೋಲಿಸಿದರೆ ನೆಲ ಎಷ್ಟು ಮಿಲಿಮೀಟರ್ ಇಳಿದಿದೆ ಎಂದು ತಿಳಿಯುತ್ತದೆ. ಹಾಗೆ ಅಳೆದ ಪ್ರತಿ ಜಾಗವೂ ನಕ್ಷೆಯಲ್ಲಿ ಒಂದು ಚುಕ್ಕಿ. ಆದರೆ ನೆಲ ಒಮ್ಮೆಲೇ ಬಹಳ ಇಳಿದರೆ ಲೆಕ್ಕ ತಾಳೆಯಾಗುವುದಿಲ್ಲ. ಸಾಫ್ಟ್‌ವೇರ್ ಆ ಚುಕ್ಕಿಯನ್ನೇ ಕೈಬಿಡುತ್ತದೆ.

ಸೋಮವಾರ ಹೊಸ ಚಿತ್ರ ಬಂತು. ಪ್ಲಾಂಟಿನ ಸುತ್ತಲಿನ ಚುಕ್ಕಿಗಳೆಲ್ಲ ಕುಸಿತ ತೋರಿಸುವ ಕೆಂಪು ಬಣ್ಣಕ್ಕೆ ತಿರುಗಿದ್ದವು. ನಡುವೆ, ಹರೀಶನ ಛಾವಣಿ ಇದ್ದಲ್ಲಿ, ಒಂದು ಚುಕ್ಕಿಯೂ ಇರಲಿಲ್ಲ.

“ಡೇಟಾ ಸರಿ ಇಲ್ಲ. ಮುಂದಿನ ಚಿತ್ರ ಬರಲಿ, ನೋಡುವ,” ಎಂದರು ತಂಡದ ಮುಖ್ಯಸ್ಥರು. ಅದಕ್ಕೆ ಹನ್ನೆರಡು ದಿನ ಕಾಯಬೇಕಿತ್ತು. ನಾನು ಸ್ಕೂಟರ್ ಹತ್ತಿ ಕಾಪುವಿಗೆ ಹೊರಟೆ.

ಪ್ಲಾಂಟಿನ ನೆಲದಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿತ್ತು.

“ಎಲ್ಲರನ್ನೂ ಹೊರಗೆ ಕಳಿಸು ಹರೀಶ.”

“ಬೋಟು ಬಂದು ನಿಂತಿದೆ ಅಕ್ಕ. ಇದೊಂದು ಲೋಡ್ ಹೋಗಲಿ.”

ಅಷ್ಟರಲ್ಲಿ ಹೊಳೆಯ ಬದಿಯ ಗೋಡೆ ಬುಡಸಮೇತ ಉರುಳಿತು. ಐಸ್ ಯಂತ್ರದ ಅಮೋನಿಯಾ ಪೈಪು ಹರಿದು ಬಿಳಿ ಗ್ಯಾಸ್ ನುಗ್ಗಿತು. ಕೆಲಸದವರು ಒಬ್ಬರ ಮೇಲೊಬ್ಬರು ಬೀಳುತ್ತಾ ಓಡಿದರು. ಒಬ್ಬನ ಕಾಲಿನ ಮೇಲೆ ಕಬ್ಬಿಣದ ತೊಲೆ ಬಿದ್ದು ಮೂಳೆ ಹೊರಗೆ ಬಂದಿತ್ತು. ಅವನನ್ನು ನಾವಿಬ್ಬರೂ ಎಳೆದು ತಂದೆವು. ಹರೀಶ ಹೆಗಲ ಬೈರಾಸನ್ನು ಒದ್ದೆ ಮಾಡಿ ಮುಖಕ್ಕೆ ಸುತ್ತಿಕೊಂಡು ಮತ್ತೆ ಒಳಗೆ ಹೊರಟ. ನಾನು ಅವನ ಅಂಗಿ ಹಿಡಿದೆ.

“ವಾಲ್ವ್ ಮುಚ್ಚದಿದ್ರೆ ಆಚೆ ಮನೆಯವರೆಲ್ಲ ಸಾಯ್ತಾರೆ. ಬಿಡು ಅಕ್ಕ.”

ಅಂಗಿ ಬಿಡಿಸಿಕೊಂಡು ಒಳಗೆ ಓಡಿದ. ಸ್ವಲ್ಪ ಹೊತ್ತಿಗೆ ಗ್ಯಾಸ್ ನಿಂತಿತು. ಅವನು ವಾಲ್ವ್ ಮುಚ್ಚಿದ್ದ. ಅವನು ಹೊರಗೆ ಬರುವ ಮೊದಲೇ ನೆಲ ಸೀಳಿತು. ಛಾವಣಿ, ಯಂತ್ರ, ಐಸಿನ ಗಡ್ಡೆಗಳು ಒಂದನ್ನೊಂದು ಜಜ್ಜುತ್ತಾ ಉಬ್ಬರದ ನೀರಿಗೆ ಜಾರಿದವು.

ಈಗ ನಕ್ಷೆಯಲ್ಲಿ ಚುಕ್ಕಿ ಮಾಯವಾದರೆ ಮುಂದಿನ ಚಿತ್ರಕ್ಕೆ ಕಾಯುವುದಿಲ್ಲ. ಅದೇ ದಿನ ನಮ್ಮಲ್ಲಿ ಒಬ್ಬರು ಆ ಜಾಗಕ್ಕೆ ಹೋಗುತ್ತಾರೆ. ಏನೂ ಕಾಣದ ಜಾಗವನ್ನೇ ಮೊದಲು ನೋಡಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿತು.

ಯಂತ್ರವನ್ನು ಕ್ರೇನ್ ತಂದು ಎತ್ತಿದರು. ಹರೀಶ ಇನ್ನೂ ಸಿಕ್ಕಿಲ್ಲ.