ಮುಗಿಯದ ಪಿಯಾನೊ ರೆಕಾರ್ಡು

ನನಗಾಗ ಅರವತ್ತೆಂಟು, ಈಗ್ಗೆ ನಾಲ್ಕು ವರ್ಷದ ಮಾತು. ಹೊಳೆನರಸೀಪುರದಲ್ಲಿ ಲಕ್ವ ಹೊಡೆದು ಮಾತು ನಿಂತಿದ್ದ ಮೇಷ್ಟ್ರೊಬ್ಬರನ್ನು ನೋಡಿಕೊಳ್ಳುತ್ತಿದ್ದೆ. ಅವರಿಗೆ ಇಷ್ಟವೆಂದು ಹೆಂಡತಿ ದಿನಾ ಪರದೇಶದ ಹಳೇ ಪಿಯಾನೊ ರೆಕಾರ್ಡು ಹಾಕುತ್ತಿದ್ದರು. ಪಿಟೀಲುಗಳೆಲ್ಲ ಒಂದು ಕಡೆ, ಪಿಯಾನೊ ಒಂದೇ ಇನ್ನೊಂದು ಕಡೆ ನಿಂತು ಜಗಳವಾಡಿದ ಹಾಗಿರುತ್ತಿತ್ತು. ಅವತ್ತು ಸದ್ದು ಮೆಲ್ಲಗಾಗಿ ನಿಂತಿತು. ಮುಗಿಯಿತು ಅಂದುಕೊಂಡು ಆರಿಸಿಬಿಟ್ಟೆ.

“ಇನ್ನೂ ಒಂದು ಭಾಗ ಇದೆ ಕಣಮ್ಮ!”

ಮಂಚದ ಮೇಲಿಂದ ಗದರಿದವರು ಮೇಷ್ಟ್ರೇ! ಅವರ ಹೆಂಡತಿ ಅಳುತ್ತಾ ನಿಂತರು.

“ಅಳೋದು ಆಮ್ಯಾಕಿರ್ಲಿ ಅಮ್ಮಾವ್ರೆ, ಮೊದ್ಲು ಅದ್ನ ಆಕಿ. ಇಲ್ದಿದ್ರೆ ಎದ್ಬಂದು ಒದ್ದೇ ಬುಡ್ತಾರೆ,” ಅಂದೆ.

ಮಾರನೇ ಬೆಳಿಗ್ಗೆ ರೆಕಾರ್ಡು ಜೋರಾಗಿ ನಡೆಯುತ್ತಿದ್ದಾಗ ಬೇಕೆಂದೇ ಆರಿಸಿದೆ. ಹಿಂದಿನ ದಿನಕ್ಕಿಂತ ಉದ್ದದ ಬೈಗುಳ ಬಂತು.