ಹಾಲ್‌ಗೆ ಅಡ್ಡ ಕಟ್ಟಿದ ಸೀರೆ

ನಮ್ಮ ಮನೆಯ ದೊಡ್ಡ ಹಾಲ್‌ಗೆ ನಾನು ತೆತ್ತ ಬೆಲೆ ಒಂದು ಬೆಡ್‌ರೂಮ್. ಬಿಲ್ಡರ್ ಹತ್ತಿರ ಚೌಕಾಸಿ ಮಾಡಿ ನಡುಗೋಡೆಯೇ ಬೇಡವೆಂದೆ. ಅದನ್ನು ಕಲಿಸಿದವರು ಚೆನ್ನೈನ ವಡಪಳನಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ಉಡುಪಿ ಕಡೆಯ ಅಕ್ಕ. ಯಾರು ಏನೇ ಹೇಳಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ "ಮೊದ್ಲು ಮಾಡಿ ನೋಡುವ" ಎನ್ನುತ್ತಿದ್ದರು.

ಅವರ ಹಾಲ್‌ನಲ್ಲೇ ಊಟ, ಮಕ್ಕಳ ಪಾಠ, ಹಾಸಿಗೆ ಹಿಡಿದ ಅತ್ತೆಯ ಮಂಚ. "ಅಮ್ಮನಿಗೆ ಪ್ರೈವಸಿ ಬೇಡ್ವಾ?" ಎಂದು ಅಕ್ಕನ ಗಂಡ ಮಂಚದ ಪಕ್ಕ ಗೋಡೆ ಎಬ್ಬಿಸಹೊರಟಾಗ, ಅಕ್ಕ ಅಲ್ಲೊಂದು ಹಳೆಯ ಸೀರೆ ಕಟ್ಟಿದರು. ಬೆಲ್ ಆದಾಗಲೆಲ್ಲ ಸೀರೆಯ ಹಿಂದಿನಿಂದ ಅತ್ತೆಯ ಕೂಗು: "ಯಾರು ಬಂದದ್ದು? ನಂಗೂ ಸ್ವಲ್ಪ ಹೇಳಿ ಮಾರಾಯ್ರೆ, ನಾನಿನ್ನೂ ಸಾಯ್ಲಿಲ್ಲ!"

ಸಂಜೆಯೊಳಗೆ ಗಂಡನೇ ಸೀರೆ ಬಿಚ್ಚಿದರು.

ನೀವೂ ಗೋಡೆ ಕಟ್ಟಿಸುವ ಮುಂಚೆ ಒಂದು ಸೀರೆ ಕಟ್ಟಿ. ಅದರ ಹಿಂದೆ ಒಂದು ದಿನ ನೀವೇ ಮಲಗಿ ನೋಡಿ.