ಜಡೆ ಕಟ್ಟುವ ನಯನಕ್ಕನ ಕೂದಲು

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಒಂಬತ್ತನೇ ತರಗತಿಯ ಅರ್ಧದಲ್ಲಿ ಶಾಲೆ ಬಿಟ್ಟವಳು ನಾನು. ಎಲ್ಲಿ ಯಾವ ಮಾತು ಒಪ್ಪುತ್ತದೆ ಎನ್ನುವುದೂ ಸರಿಯಾಗಿ ಗೊತ್ತಿಲ್ಲ. ಇದು ನಮ್ಮ ಬೀದಿಯ ನಯನಕ್ಕನ ಕತೆ, ಬರೆದದ್ದನ್ನು ಅವಳಿಗೇ ಎರಡು ಸಲ ಓದಿ ಹೇಳಿದ್ದೇನೆ. ಅವಳು ‘ಹಂಗಲ್ಲ, ಹಿಂಗೆ’ ಎಂದ ಕಡೆಯೆಲ್ಲ ಹೊಡೆದು ಮತ್ತೆ ಬರೆದಿದ್ದೇನೆ. ಕಾಗದದಲ್ಲಿ ಗೀಟು ಹೆಚ್ಚಾಗಿರುವುದು ಅದಕ್ಕೇ.

ಅಜ್ಜಂಪುರದ ಸುತ್ತಮುತ್ತ ಮದುಮಗಳಿಗೆ ಮೊಗ್ಗಿನ ಜಡೆ ಎಂದರೆ ನಯನಕ್ಕನನ್ನೇ ಕರೆಯಬೇಕು ಎನ್ನುವ ಕಾಲವೊಂದಿತ್ತು. ಅವಳ ತವರು ಚೌಳಹಿರಿಯೂರು. ತಾಯಿ ಕಾಂತಮ್ಮ ಮದುವೆ ಮನೆಗಳಿಗೆ ಹೂ ಕಟ್ಟಿಕೊಡುತ್ತಿದ್ದವರು. ಬಾಳೆಪಟ್ಟೆಯ ಮೇಲೆ ಮಲ್ಲಿಗೆ ಮೊಗ್ಗನ್ನು ಸಾಲುಸಾಲಾಗಿ ಹೊಲಿಯುವುದನ್ನು ಮಗಳಿಗೆ ಹನ್ನೆರಡನೇ ವಯಸ್ಸಿಗೇ ಕಲಿಸಿದ್ದರು. ಮೊಗ್ಗು ಬಿರಿಯುವುದರೊಳಗೆ ಜಡೆ ಮುಗಿಯಬೇಕು. ಒಂದು ಮೊಗ್ಗು ಓರೆಯಾದರೂ ಆ ಸಾಲನ್ನೇ ಬಿಚ್ಚಬೇಕು. ನಯನಕ್ಕ ಬಿಚ್ಚಿದ ಸಾಲುಗಳು ಕಡಿಮೆ.

ಆದರೆ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದದ್ದು ಬರೀ ಕೈಗುಣಕ್ಕಲ್ಲ. ಅವಳ ಕೂದಲು ಮೊಣಕಾಲು ಮುಟ್ಟುತ್ತಿತ್ತು. ಬಸ್ಸಿನಲ್ಲಿ ಕೂತರೆ ಜಡೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಳ್ಳಬೇಕಿತ್ತು. ತುಂಬುಗೂದಲಿನ ಮುತ್ತೈದೆ ಬೈತಲೆ ತೆಗೆದು ಹೂ ಮುಡಿಸಿದರೆ ಮದುಮಗಳ ಬಾಳೂ ತುಂಬಿರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಮದುವೆಯಾಗಿ ಅಜ್ಜಂಪುರಕ್ಕೆ ಬಂದ ವರ್ಷವೇ ಅವಳಿಗೆ ಹದಿನಾಲ್ಕು ಮದುವೆಗಳಿಂದ ಕರೆ ಬಂತು. ಗಂಡ ಹೊನ್ನೇಶ್ ಲಗೇಜ್ ಆಟೋ ಓಡಿಸುತ್ತಾನೆ. ಅದರ ಹಿಂದೆ ಹೆಂಡತಿಯ ಹೆಸರು, ಫೋನ್ ನಂಬರು ಬರೆಸುತ್ತೇನೆಂದಾಗ ಅವಳು ನಕ್ಕುಬಿಟ್ಟಳಂತೆ. ‘ನನ್ ಬೋರ್ಡು ನನ್ ಬೆನ್ನಿನ ಮೇಲೇ ಐತಲ್ಲ’ ಎಂದಳಂತೆ.

ನಾಲ್ಕು ವರ್ಷದ ಕೆಳಗೆ ಅವಳಿಗೆ ಡೆಂಗಿ ಜ್ವರ ಬಂತು. ಹನ್ನೊಂದು ದಿನ ಮಲಗಿದಳು. ಜ್ವರವೇನೋ ಬಿಟ್ಟಿತು. ಎರಡು ತಿಂಗಳು ಕಳೆದ ಮೇಲೆ ಕೂದಲು ಉದುರತೊಡಗಿತು. ಬಾಚಿದಷ್ಟೂ ಬಾಚಣಿಗೆಗೇ ಬರುತ್ತಿತ್ತು. ಬಚ್ಚಲಿನ ತೂತು ಕಟ್ಟಿಕೊಂಡು ನೀರು ನಿಲ್ಲುತ್ತಿತ್ತು. ಮಾಘ ಬರುವಷ್ಟರಲ್ಲಿ ಮೊಣಕಾಲು ಮುಟ್ಟುತ್ತಿದ್ದ ಜಡೆ ಬೆರಳಿನಷ್ಟು ಸಣ್ಣಗಾಗಿತ್ತು.

ಅತ್ತೆ ಜಯಲಕ್ಷ್ಮಮ್ಮ ತಮ್ಮ ಟ್ರಂಕಿನಿಂದ ಒಂದು ಚೌರಿ ತೆಗೆದುಕೊಟ್ಟರು. ಚೌರಿ ಎಂದರೆ ಜಡೆಗೆ ಸೇರಿಸಿ ಕಟ್ಟುವ ಕೂದಲಿನ ಗೊಂಚಲು.

“ತಗಳೇ, ನನ್ ಮದ್ವೇದು. ಅಸಲಿ ಕೂದ್ಲು. ಇಲಿಬಾಲ ನೇತಾಕ್ಕೊಂಡು ಮದ್ವೆ ಮನೇಗೆ ಹೋಗ್ಬೇಡ.”

“ನಿಮ್ಗೆ ಬ್ಯಾಡ್ವಾ ಅತ್ತೆ?”

“ನನ್ನನ್ನ ಈಗ್ಯಾರೇ ನೋಡ್ತಾರೆ? ಯಮ ಬಂದ್ರೆ ಜುಟ್ಟು ಹಿಡ್ಕೊಂಡು ಎಳ್ಕೊಂಡು ಹೋಗ್ತಾನೆ, ಅಷ್ಟಕ್ಕೆ ಸಾಕು ನಂದು.”

ಅದು ಪ್ರೀತಿಯಿಂದ ಕೊಟ್ಟದ್ದು. ನಯನಕ್ಕ ಅದನ್ನು ಕಟ್ಟಿಕೊಂಡಳು. ಮುಂದಿನ ಕೂದಲು ತೆಳ್ಳಗಾದದ್ದು ಕಾಣದಿರಲಿ ಎಂದು ಹಣೆಯ ಅಂಚಿನಿಂದ ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಹಿಂದಕ್ಕೆ ಎಳೆದು, ಕಪ್ಪು ದಾರ ಸುತ್ತಿ, ಆ ಗಂಟಿಗೆ ಚೌರಿಯನ್ನು ಸೇರಿಸುತ್ತಿದ್ದಳು. ಸಂಜೆ ಬಿಚ್ಚಿದಾಗ ನೆತ್ತಿ ದಿಮಿಗುಡುತ್ತಿತ್ತು. ದಿನವಿಡೀ ದುಡಿದದ್ದಕ್ಕೆ ತಲೆನೋವು ಎಂದುಕೊಂಡು ಮಲಗುತ್ತಿದ್ದಳು. ಮುಂದೆ ತೆಳ್ಳಗಾದಷ್ಟೂ ಇನ್ನಷ್ಟು ಬಿಗಿ ಮಾಡುತ್ತಿದ್ದಳು. ಹೀಗೆ ಹತ್ತಿರ ಹತ್ತಿರ ಮೂರು ವರ್ಷ ನಡೆಯಿತು.

ಹೋದ ವರ್ಷ ತರೀಕೆರೆಯ ಒಂದು ಛತ್ರದಲ್ಲಿ, ಮದುಮಗಳ ಜಡೆಗೆ ಪಿನ್ನು ಹಾಕಲು ಬಗ್ಗಿದಾಗ ಅವಳ ಚೌರಿ ಕಳಚಿ ಹುಡುಗಿಯ ಮಡಿಲಿಗೆ ಬಿತ್ತು. ಯಾರೋ ಕಿಸಕ್ಕೆಂದರು. ಮದುಮಗಳ ಅಜ್ಜಿ ಎದ್ದು ನಿಂತರು.

“ತನ್ ತಲೇನೇ ಬಯಲು ಮಾಡ್ಕೊಂಡೋಳು ನಮ್ ಹುಡ್ಗಿಗೆ ಹೂ ಮುಡಿಸ್ತಾಳಂತೆ! ಏಳ್ಸಿ ಮೊದ್ಲು ಅವ್ಳನ್ನ.”

ಅರ್ಧಕ್ಕೆ ನಿಂತ ಜಡೆಯನ್ನು ಬೇರೆ ಯಾರೋ ಮುಗಿಸಿದರು. ನಯನಕ್ಕ ತನ್ನ ಸೂಜಿಡಬ್ಬಿಯನ್ನೂ ತೆಗೆದುಕೊಳ್ಳದೆ ಬಂದಳು.

ಆಮೇಲೆ ಮದ್ದು ಶುರುವಾಯಿತು. ಅತ್ತೆ ದಿನಕ್ಕೊಂದು ಬಟ್ಟಲು ಈರುಳ್ಳಿ ರಸ ಹಿಂಡಿ ತಲೆಗೆ ಹಚ್ಚಿದರು. ‘ಮನೆ ತುಂಬ ಬೋಂಡದಂಗಡಿ ವಾಸ್ನೆ’ ಎಂದು ಹೊನ್ನೇಶ್ ರೇಗಿಸಿದ. ಕೂದಲು ಬರಲಿಲ್ಲ. ತಲೆ ಬೋಳಿಸಿ ದೇವರಿಗೆ ಮುಡಿ ಕೊಟ್ಟುಬಿಡು, ದಟ್ಟವಾಗಿ ಬರುತ್ತದೆ ಎಂದು ಪಕ್ಕದ ಮನೆಯ ಕಾಶಮ್ಮ ಹೇಳಿದರು. ಒಂದು ವೇಳೆ ಬರದಿದ್ದರೆ ಎಂದು ನಯನಕ್ಕನಿಗೆ ಧೈರ್ಯವಾಗಲಿಲ್ಲ. ಕೊನೆಗೆ, ಶಿವಮೊಗ್ಗದಿಂದ ಹದಿನೈದು ದಿನಕ್ಕೊಮ್ಮೆ ಕಡೂರಿಗೆ ಬರುವ ಚರ್ಮದ ಡಾಕ್ಟರ್ ಭಾರ್ಗವ ಅವರ ಹತ್ತಿರ ಹೋದಳು. ಅಲ್ಲಿಯೇ ಅವಳು ಪಿಆರ್‌ಪಿ ಎಂಬ ಹೆಸರನ್ನು ಮೊದಲು ಕೇಳಿದ್ದು.

“ನಿಮ್ಮ ರಕ್ತಾನೇ ಅಮ್ಮ,” ಎಂದು ಡಾಕ್ಟರು ಬಿಡಿಸಿ ಹೇಳಿದರು. “ತೋಳಿಂದ ತೆಗ್ದು ಮಿಷನ್ನಲ್ಲಿ ಗಿರಗಿರ ತಿರುಗಿಸ್ತೀವಿ. ಕೆಂಪು ಕೆಳಗಿಳಿದು ಮೇಲೆ ಹಳದಿ ನೀರು ನಿಲ್ಲುತ್ತೆ. ಕೂದಲಿನ ಬುಡ ಚೇತರಿಸ್ಕೊಳ್ಳೋಕೆ ಬೇಕಾದ್ದು ಅದ್ರಲ್ಲಿರುತ್ತೆ. ಅದನ್ನ ಸಣ್ಣ ಸೂಜೀಲಿ ತಲೆ ಚರ್ಮಕ್ಕೆ ಕೊಡೋದು. ಕೊಯ್ಯೋದಿಲ್ಲ, ಹೊಲಿಗೆ ಇಲ್ಲ. ತಿಂಗಳಿಗೊಂದ್ಸಲ, ನಾಲ್ಕು ಸಲ. ಆದ್ರೆ ಬುಡ ಜೀವಂತ ಇದ್ರೆ ಮಾತ್ರ. ನಾನು ಗ್ಯಾರಂಟಿ ಕೊಡಲ್ಲ.”

“ಬುಡ ಐತಾ ಸಾರ್?”

ಅವರು ಕೂದಲನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿದರು. “ಅಲ್ಲಲ್ಲಿ ಇರೋ ಹಾಗಿದೆ. ಪ್ರಯತ್ನ ಮಾಡಣ. ಒಂದು ವಿಷ್ಯ ಸರಿಯಾಗಿ ಹೇಳಿ. ಬಿಗಿ ಜಡೆ, ಚೌರಿ ಏನಾದ್ರೂ ಕಟ್ತೀರಾ?”

ಚೌರಿ ಅವಳ ಮಡಿಲಿನ ಬ್ಯಾಗಿನಲ್ಲೇ ಇತ್ತು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದಳು. ಬಸ್ ಸ್ಟ್ಯಾಂಡಿನ ಹೆಂಗಸರ ಕೋಣೆಯಲ್ಲಿ ಬಿಚ್ಚಿಕೊಂಡು ಬಂದಿದ್ದಳು. ಛತ್ರದಲ್ಲಿ ಕಿಸಕ್ಕೆಂದ ಸದ್ದು ಕಿವಿಯಲ್ಲಿ ಇನ್ನೂ ಇತ್ತು.

“ಇಲ್ಲ ಸಾರ್. ಬರೀ ಗಂಟು.”

ಮನೆಗೆ ಬಂದು ಅತ್ತೆಗೆ ಹೇಳಿದಾಗ ಅವರು ಗಲ್ಲಕ್ಕೆ ಕೈ ಹಚ್ಚಿದರು. “ನಿನ್ ರಕ್ತ ತಗ್ದು ನಿಂಗೇ ಚುಚ್ಚೋದಾ? ಅದಕ್ಕೆ ಕಡೂರಿಗೆ ಯಾಕೇ ಹೋಗ್ಬೇಕು, ಹಿತ್ಲಲ್ಲಿ ಸೊಳ್ಳೆ ಇರ್ಲಿಲ್ವಾ?” ಹಾಗೆಂದವರೇ ಮರುದಿನದಿಂದ ಸೊಸೆಗೆ ರಕ್ತವಾಗಲಿ ಎಂದು ನುಗ್ಗೆಸೊಪ್ಪು, ಬೀಟ್‌ರೂಟು ಬೇಯಿಸತೊಡಗಿದರು.

ಮೊದಲ ಸಲ ಮರಗಟ್ಟುವ ಮುಲಾಮು ಹಚ್ಚಿದ್ದರೂ ಹಣೆಯ ಅಂಚಿಗೆ ಸೂಜಿ ಇಳಿದಾಗ ಕಣ್ಣೀರು ತಾನಾಗಿ ಬಂತು. ಎಷ್ಟು ಸಲ ಚುಚ್ಚಿದರೆಂದು ಅವಳು ಲೆಕ್ಕ ಹಾಕುತ್ತಿದ್ದಳು. ನಲವತ್ತರ ತನಕ ಎಣಿಸಿ ಬಿಟ್ಟುಬಿಟ್ಟಳು. ಒಂದಿನ ತಲೆಗೆ ನೀರು ಹಾಕಬೇಡಿ, ಯಾವತ್ತೂ ಎಳೆದು ಕಟ್ಟಬೇಡಿ ಎಂದು ಹೇಳಿ ಕಳಿಸಿದರು.

ಮೂರನೇ ದಿನ ಬೀರೂರಿನ ಹತ್ತಿರ ಮದುವೆಯಿತ್ತು. ತರೀಕೆರೆಯ ಸುದ್ದಿ ಎಲ್ಲ ಕಡೆಗೂ ಹಬ್ಬಿರಲಿಲ್ಲ, ಇನ್ನೂ ಕೆಲವರು ಕರೆಯುತ್ತಿದ್ದರು. ಚೌರಿಯಿಲ್ಲದೆ ಹೋದರೆ ಅವರೂ ಕರೆಯುವುದಿಲ್ಲ. ಕರೆಯದಿದ್ದರೆ ಕೂದಲು ಬಂದರೂ ಕೆಲಸವಿರುವುದಿಲ್ಲ. ನಯನಕ್ಕ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. ಚುಚ್ಚಿದ್ದು ಮುಂದುಗಡೆ, ಕಟ್ಟುವುದು ಹಿಂದುಗಡೆ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ತನಗೆ ತಾನೇ ಹೇಳಿಕೊಂಡು ಕಪ್ಪು ದಾರ ಸುತ್ತಿದಳು. ಆ ತಿಂಗಳು ಐದು ಮದುವೆ, ಮುಂದಿನ ತಿಂಗಳು ಏಳು.

ಬೆಳಿಗ್ಗೆ ಬಿಸಿಲು ಬಂದ ಮೇಲೆ ಹೊನ್ನೇಶ್ ಅವಳನ್ನು ಜಗಲಿಯ ಮೇಲೆ ಕೂರಿಸಿ ಹಣೆಯ ಅಂಚನ್ನು ಹುಡುಕುತ್ತಿದ್ದ.

“ಇಲ್ಲೊಂದು ಐತೆ ಕಣೇ! ಹೊಸಾದು!”

“ನಿಜ್ವಾ?”

“ನಿಜ. ಆದ್ರೆ ಬಿಳೀದು.”

“ಬಿಳೀದಾದ್ರೂ ಆಗ್ಲಿ ಬಿಡ್ರೀ. ನಂದೇ ತಾನೇ.”

ಇಬ್ಬರೂ ನಕ್ಕರು. ಮೂರನೇ ಸಲದ ಹೊತ್ತಿಗೆ ಆ ಬಿಳಿಯದೂ ಇರಲಿಲ್ಲ. ಹೊನ್ನೇಶ್ ಹುಡುಕುವುದನ್ನು ಬಿಟ್ಟ.

ನಾಲ್ಕನೇ ಸಲ ಸೂಜಿ ಹಾಕುವ ಮುಂಚೆ ಡಾಕ್ಟರು ನೆತ್ತಿಯ ಕೂದಲನ್ನು ಸರಿಸಿದರು. ಅವರ ಬೆರಳಿಗೆ ಏನೋ ಸಿಕ್ಕಿತು. ಕೂದಲಿನ ನಡುವೆ ಸಿಕ್ಕಿಕೊಂಡಿದ್ದ ಗೇಣಿನಷ್ಟು ಕಪ್ಪು ದಾರ.

“ಇದೇನಮ್ಮ?”

ಅವಳು ಬ್ಯಾಗಿನಿಂದ ಕವರನ್ನು ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಚೌರಿಯನ್ನು ಕೈಯಲ್ಲಿ ಎತ್ತಿ ತೂಕ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾಳೆ ನಯನಕ್ಕ.

ಅವರು ಬೆಳಕಿರುವ ಸಣ್ಣ ಕ್ಯಾಮೆರಾವನ್ನು ತಲೆಗಿಟ್ಟು ಪರದೆಯ ಮೇಲೆ ತೋರಿಸಿದರು. “ಇದು ನಡುನೆತ್ತಿ. ಚುಕ್ಕಿ ಚುಕ್ಕಿ ಕಾಣ್ತಿದೆಯಲ್ಲ, ಅವು ಕೂದಲು ಹುಟ್ಟೋ ರಂಧ್ರ. ಈಗ ಹಣೆ ಕಡೆ ನೋಡಿ.”

ಅಲ್ಲಿ ಚುಕ್ಕಿಗಳಿರಲಿಲ್ಲ. ಸುಟ್ಟ ಗಾಯ ಮಾಗಿದ ಮೇಲೆ ಕಾಣುವ ಹಾಗೆ ನುಣ್ಣಗೆ ಹೊಳೆಯುವ ಚರ್ಮವಿತ್ತು.

“ಮುಚ್ಚೋಗಿದೆ ಅಮ್ಮ. ಬಹಳ ದಿನ ಎಳೆದೂ ಎಳೆದೂ ಹೀಗಾಗಿದೆ. ಇಲ್ಲಿಗೆ ಏನು ಚುಚ್ಚಿದ್ರೂ ಹುಟ್ಟಲ್ಲ.”

“ಇನ್ನೊಂದ್ ನಾಕ್ ಸಲ ಹಾಕುದ್ರೆ ಸಾರ್?”

“ಹಾಕಿದ್ರೆ ನಿಮಗೆ ಮೋಸ ಮಾಡಿದ ಹಾಗೆ.”

“ಡೆಂಗಿ ಜ್ವರಕ್ಕೆ ಹೋಗಿದ್ದಲ್ವಾ ಇದು?”

ಡಾಕ್ಟರು ಕೈಗವಸು ಬಿಚ್ಚಿದರು. “ಜ್ವರಕ್ಕೆ ಉದುರಿದ್ದು ಅದರ ಪಾಡಿಗೆ ಅದು ವಾಪಸ್ ಬರುತ್ತೆ. ಆರೇಳು ತಿಂಗಳು, ಹೆಚ್ಚು ಅಂದ್ರೆ ವರ್ಷ. ಅಷ್ಟು ದಿನ ಸುಮ್ನೆ ಬಿಟ್ಟಿದ್ರೆ ಸಾಕಿತ್ತು. ಬರ್ತಿದ್ದ ಕೂದಲನ್ನ ಈ ಚೌರಿ ಎಳೆದು ಕಿತ್ತಿತು.” ಕ್ಯಾಮೆರಾದ ಕಡೆ ಕೈ ತೋರಿಸಿ ಹೇಳಿದರು: “ಮೊದಲ್ನೇ ದಿನಾನೇ ಈ ಕ್ಯಾಮೆರಾ ಇಟ್ಟು ನೋಡ್ಬೇಕಿತ್ತು ನಾನು. ನಿಮ್ಮನ್ನ ಇನ್ನೊಂದ್ಸಲ ಕೇಳ್ಲೂ ಬೇಕಿತ್ತು. ಇನ್ನು ಕಟ್ಟಬೇಡಿ. ನಡುನೆತ್ತೀದಾದ್ರೂ ಉಳಿಯುತ್ತೆ.”

ಕಡೂರಿನಿಂದ ಅಜ್ಜಂಪುರದವರೆಗೆ ಅವಳು ಕಿಟಕಿಯ ಪಕ್ಕ ಕೂತಿದ್ದಳು. ದಾರಿಯಲ್ಲಿ ಏನು ಕಂಡಿತು ಎಂದು ಕೇಳಿದರೆ ನೆನಪಿಲ್ಲ ಎನ್ನುತ್ತಾಳೆ. ಸುಮ್ಮನೆ ಬಿಟ್ಟಿದ್ದರೆ ಸಾಕಿತ್ತು ಎಂಬ ಒಂದು ಮಾತು ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ.

ಮನೆಯಲ್ಲಿ ಅತ್ತೆ ಅಕ್ಕಿ ಆರಿಸುತ್ತಿದ್ದರು. ನಯನಕ್ಕ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಜಯಲಕ್ಷ್ಮಮ್ಮ ಮೊರವನ್ನು ಕೆಳಗಿಟ್ಟರು.

“ನಾನೇ ಅಲ್ವೇನೇ ಕೊಟ್ಟಿದ್ದು,” ಎಂದರು.

‘ಇಲ್ಲ ಅತ್ತೆ, ನಿಮ್ಮ ತಪ್ಪಲ್ಲ’ ಎನ್ನಬೇಕಿತ್ತು. ಆ ಹೊತ್ತಿನಲ್ಲಿ ಅಷ್ಟು ಮಾತೂ ಅವಳಿಂದಾಗಲಿಲ್ಲ. ಅತ್ತೆ ಆ ದಿನ ಊಟ ಮಾಡಲಿಲ್ಲ. ಈಗಲೂ ಅವರು ಸೊಸೆಯ ತಲೆಯ ಕಡೆ ನೋಡದೆ ಮಾತಾಡುತ್ತಾರೆ.

ಒಪ್ಪಿಕೊಂಡಿದ್ದ ಮದುವೆ ಇನ್ನೊಂದು ಉಳಿದಿತ್ತು. ಲಿಂಗದಹಳ್ಳಿಯ ಸಾವಿತ್ರಮ್ಮನ ಮಗಳು ಸ್ಫೂರ್ತಿಯದು. ಜಡೆಯನ್ನು ನಯನಕ್ಕನೇ ಕಟ್ಟಬೇಕೆಂದು ಹುಡುಗಿ ಹಟ ಹಿಡಿದಿದ್ದಳು. ಈ ಸಲ ಏನನ್ನೂ ಮುಚ್ಚಿಡಬಾರದು ಎಂದು ನಯನಕ್ಕ ತಾನೇ ಸಾವಿತ್ರಮ್ಮನಿಗೆ ಫೋನ್ ಮಾಡಿದಳು. ತನ್ನ ತಲೆ ಹೀಗಾಗಿದೆ, ಚೌರಿ ಕಟ್ಟುವುದಿಲ್ಲ, ಹಾಗೆಯೇ ಬರುತ್ತೇನೆ, ಆಗಬಹುದೇ ಎಂದು ಕೇಳಿದಳು.

“ಅಯ್ಯೋ, ನಂಗೇನಿಲ್ಲ ಕಣ್ರೀ ನಯನಮ್ಮ,” ಎಂದರು ಸಾವಿತ್ರಮ್ಮ. “ಗಂಡಿನ ಕಡೇರು ಹಳೇ ಕಾಲದೋರು. ಶುಭಕಾರ್ಯ ನೋಡಿ, ಎಲ್ಲಾದಕ್ಕೂ ಒಂದ್ ಮಾತು ಆಡ್ತಾರೆ. ಒಂದೇ ಒಂದಿನ ಕಟ್ಕೊಂಡ್ ಬಂದ್ಬಿಡಿ. ಒಂದಿನಕ್ಕೆ ಏನಾಗುತ್ತೆ?”

“ಇಷ್ಟು ವರ್ಷಾನೂ ಒಂದೊಂದಿನಾನೇ ಕಟ್ಟಿದ್ದು ಸಾವಿತ್ರಮ್ಮ.”

ಸಾವಿತ್ರಮ್ಮ ದನಿ ತಗ್ಗಿಸಿದರು. “ತರೀಕೆರೇಲಿ ಒಬ್ರು ಪಾರ್ಲರ್‌ನೋರು ಅವ್ರೆ ಅಂತಿದ್ರು ನಮ್ಮನೇರು. ಬೇಜಾರ್ ಮಾಡ್ಕೋಬೇಡಿ. ಊಟಕ್ಕೆ ಮಾತ್ರ ತಪ್ಪಿಸ್ಬಾರ್ದು, ಬರ್ಲೇಬೇಕು.”

“ಆಗ್ಲಿ. ಆ ಪಾರ್ಲರ್‌ನೋರಿಗೆ ಒಂದ್ ಮಾತು ಹೇಳಿ. ಸ್ಫೂರ್ತಿ ಕೂದ್ಲನ್ನ ತೀರಾ ಬಿಗಿಯಾಗಿ ಎಳೀಬ್ಯಾಡಿ ಅಂತ.”

ಹೇಳುತ್ತೇನೆ ಎಂದು ಸಾವಿತ್ರಮ್ಮ ಫೋನ್ ಇಟ್ಟರು.

ಮದುವೆಗೆ ನಯನಕ್ಕ ಹೋಗಲಿಲ್ಲ. ಆಮೇಲೆ ಯಾರೂ ಕರೆದಿಲ್ಲ. ಪಕ್ಕದ ಮನೆಯ ಕಾಶಮ್ಮ ತಾವು ಕೆಲಸ ಮಾಡುವ ಕಡೆ ಹೇಳಿ ಅವಳಿಗೂ ಕೆಲಸ ಕೊಡಿಸಿದ್ದಾರೆ. ಸೋಮವಾರದಿಂದ ಅವಳು ತಲೆಗೆ ಟವೆಲು ಕಟ್ಟಿಕೊಂಡು ಏಳೂವರೆಯ ಬಸ್ಸಿಗೆ ಕಡೂರಿನ ಕೊಬ್ಬರಿ ಮಂಡಿಗೆ ಕೆಲಸಕ್ಕೆ ಹೋಗುತ್ತಾಳೆ.